ತಮ್ಮಗ ಗಣಿ ಒಳಗಿನ ಕೆಲಸ ಸಿಕ್ಕೈತಿ, ಕಳಸೂದಾ ಬ್ಯಾಡಾ? ಕೆಳಗ ದುಡಿದವರು ಹೇಳ್ರಿ

ಮುದಗಲ್ ಅಕ್ಕ:
ಎಲ್ಲರಿಗೂ ನಮಸ್ಕಾರ್ರಿ. ನಮ್ಮದು ಲಿಂಗಸುಗೂರು ತಾಲೂಕು, ಮುದಗಲ್ ಹತ್ರದ ಹಳ್ಳಿ. ತಮ್ಮ ಐಟಿಐ ಮುಗಿಸ್ಯಾನ. ಹಟ್ಟಿ ಚಿನ್ನದ ಗಣಿಯೊಳಗ ಅಂಡರ್‌ಗ್ರೌಂಡ್ ಕೆಲಸಕ್ಕ ಕರೆ ಬಂದೈತಿ, ಮೆಡಿಕಲ್ ಇನ್ನೂ ಆಗಬೇಕು. ಮನ್ಯಾಗ ಎರಡು ಪಕ್ಷ ಆಗ್ಯಾವ. ಅಪ್ಪ ಹೋಗಲಿ ಅಂತಾನ. ಅವ್ವ "ಭೂಮಿ ಹೊಟ್ಟ್ಯಾಗ ಮಗನ್ನ ಕಳಸಂಗಿಲ್ಲ" ಅಂತ ಉಣ್ಣೂದು ಬಿಟ್ಟು ಕುಂತಾಳ.

ಹೊಲ ಐತಿ, ಆದ್ರ ಮಳಿ ನಂಬಿದ ಹೊಲ. ತೊಗರಿ, ಸಜ್ಜಿ ಬಿತ್ತತೀವಿ, ಬಂದ್ರ ಬಂತು. ಹೋದ ವರ್ಷ ತಮ್ಮ ಬೆಂಗಳೂರಿಗೆ ಗಾರೆ ಕೆಲಸಕ್ಕ ಹೋಗಿ ಸೊರಗಿ ಬಂದ. ಈ ನೌಕರಿ ಬಿಟ್ರ ಮತ್ತ ಅದೇ ಗತಿ.

ಊರಾಗ ಒಬ್ಬೊಬ್ರು ಒಂದೊಂದು ಹೇಳ್ತಾರ. ಮಂದೀನ ಕೆಳಗ ಇಳಸೂ ಕೇಜಿನ ಹಗ್ಗ ಹರಿತೈತಿ ಅಂತ ಒಬ್ರು, ಏರ್ ಬ್ಲಾಸ್ಟ್ ಆಗಿ ಕಲ್ಲು ಸಿಡಿತೈತಿ ಅಂತ ಇನ್ನೊಬ್ರು. ನಮಗ ಹೆದರಸಬ್ಯಾಡ್ರಿ, ಸುಳ್ಳ ಧೈರ್ಯಾನೂ ಹೇಳಬ್ಯಾಡ್ರಿ. ಖರೇ ಏನೈತಿ ಅಷ್ಟು ಹೇಳ್ರಿ.

ದೇವದುರ್ಗದಂವ:
ಅಕ್ಕಾರ, ರಾಜ್ಯ ಸರ್ಕಾರದ ಕಂಪನಿ ಅದ. ಪಿಎಫ್, ಕ್ವಾರ್ಟರ್ಸು, ದವಾಖಾನಿ, ಮಕ್ಕಳಿಗೆ ಸಾಲಿ. ನಮ್ಮ ಜಿಲ್ಲಾದಾಗ ಇಂಥಾ ನೌಕರಿ ಎಷ್ಟು ಅವ? ಕಟ್ಟಡದ ಮ್ಯಾಲಿಂದ ಬಿದ್ದು ಸಾಯೋರು ಇಲ್ಲೇನು? ಕಣ್ಣು ಮುಚ್ಚಿ ಕಳಸ್ರಿ.

ಹಳೇ ಡ್ರಿಲ್ಲರ್:
ತಂಗಿ, ಕಣ್ಣು ಮುಚ್ಚಿ ಕಳಸು ಅನ್ನೂದು ತಪ್ಪು ಮಾತು. ಕಣ್ಣು ತಕ್ಕೊಂಡು ಕಳಸು. ನಾನು ಹೆಲ್ಪರ್ ಆಗಿ ಇಳದಂವ, ಡ್ರಿಲ್ಲರ್ ಆಗಿ ರಿಟೈರ್ ಆದಂವ. ನೌಕರಿ ಪೂರಾ ನೆಲದ ಕೆಳಗೇ ಹೋತು. ನನಗ ತಿಳದದ್ದು ಹೇಳತೀನಿ.

ಮೊದಲು ಕೇಜಿನ ಮಾತು. ಹೊರಗಿನ ಜನ ಎಲ್ಲಾರೂ ಅದಕ್ಕೇ ಹೆದರತಾರ, ಯಾಕಂದ್ರ ಕಣ್ಣಿಗೆ ಕಾಣೂದು ಅದೊಂದೇ. ಶಾಫ್ಟ್ ಅಂದ್ರ ಕೇಜ್ ಇಳಿಯೂ ಬಾವಿ, ಅದರ ಹಗ್ಗ ಉಕ್ಕಿನ ತಂತಿ ಹೆಣದದ್ದು. ಅದನ್ನ ದಿನಾ ನೋಡ್ತಾರ, ಬರದಿಡತಾರ. ಮ್ಯಾಲೊಬ್ಬ, ಕೆಳಗೊಬ್ಬ ಗಂಟಿ ಹೊಡಿಯಾಂವ ಇರತಾನ. ಮಂದಿ ಹತ್ತೂ ಮುಂದ ಮೂರು ಗಂಟಿ ಬೀಳತಾವ. ಅವು ಬಿದ್ದವು ಅಂದ್ರ ಕೇಜ್ ಏರಸಿ ಇಳಸೂ ವೈಂಡಿಂಗ್ ಎಂಜಿನ್ ಡ್ರೈವರ್‌ಗೆ ಇದು ಕಲ್ಲಿನ ಲೋಡ್ ಅಲ್ಲ, ಮಂದಿ ಅಂತ ಗೊತ್ತಾಗತೈತಿ, ಅಂವ ಹಗೂರಕ ಬಿಡತಾನ. ಕೇಜಿನಾಗ ಅಪಾಯ ಬರೂದು ನೂಕಾಡಿ ಹತ್ತಿದಾಗ, ಬಾಗಲಾ ಹಾಕೂ ಮುಂದ ಕೈ ಹೊರಗ ಇಟ್ಟಾಗ. ಪಾಳಿ ಮುಗದು ಮನಿಗೆ ಹೋಗೂ ಅವಸರದಾಗ ಹುಡುಗರು ಮಾಡೂದು ಇದನ್ನೇ.

ಮಂದಿ ಜೀವಾ ತಗಿಯೂದು ಹಗ್ಗ ಅಲ್ಲ, ತಲಿ ಮ್ಯಾಲಿನ ಸಡಲ ಕಲ್ಲು. ಹಿಂದಿನ ಪಾಳಿಯವರು ಮದ್ದು ಹಾರಿಸಿ ಹೋಗಿರತಾರ. ಆ ಏಟಿಗೆ ಬಿದ್ದ ಕಲ್ಲು ಬಿದ್ದಿರತೈತಿ, ಬೀಳದೇ ಸೀಳಿ ನಿಂತದ್ದೂ ಇರತೈತಿ. ನಾವು ಹೋದ ಕೂಡ್ಲೇ ಮೊದಲ ಕೆಲಸ ನೀರು ಹೊಡದು ಕಲ್ಲು ತೊಳಿಯೂದು. ತೊಳದ್ರ ಸೀಳು ಕಾಣತೈತಿ, ಧೂಳೂ ಕುಂದರತೈತಿ. ಆಮ್ಯಾಲ ಉದ್ದನ ಹಾರಿ ತಗೊಂಡು ಗಟ್ಟಿ ಜಾಗಾದಾಗ ನಿಂತು ಮ್ಯಾಲ ಬಡೀಬೇಕು. ಸಂತ್ಯಾಗ ಗಡಿಗಿ ಬಡದು ನೋಡಿದಂಗ. ಟಣ್ ಅಂದ್ರ ಗಟ್ಟಿ. ಬೊದ್ ಅಂದ್ರ ಒಳಗ ಸಡಲಾಗೇತಿ. ಬಡಿಯೂ ಮುಂದ ಇನ್ನೊಂದು ಕೈ ಬೆರಳು ಕಲ್ಲಿಗೆ ಹಚ್ಚಿದ್ರ ಅದು ನಡಗೂದು ಗೊತ್ತಾಗತೈತಿ. ಸಡಲಾದದ್ದನ್ನ ಹಾರೀಲೇ ಮೀಟಿ ಕೆಡವಬೇಕು. ಕೆಡವೂ ಮುಂದ ಹಿಂದಕ ಓಡಲಿಕ್ಕೆ ದಾರಿ ಬಿಟಗೊಂಡಿರಬೇಕು, ಕಾಲಾಗ ಡ್ರಿಲ್ ಪೈಪು ಬಿದ್ದಿರಬಾರದು. ಸಾಲಿ ಪುಸ್ತಕದಾಗ ಕಲಿಯೂ ವಿದ್ಯಾ ಅಲ್ಲ ಇದು, ಕಿವೀಲೇ ಕಲೀಬೇಕು. ನಿನ್ನ ತಮ್ಮಗ ಒಳ್ಳೇ ಮೇಟ್ (ಕೆಳಗ ಕೆಲಸ ಮಾಡಸೂ ಮೇಸ್ತ್ರಿ) ಸಿಕ್ಕ ಅಂದ್ರ ಅರ್ಧಾ ಚಿಂತಿ ಹೋತು.

ಗಣಿ ಡಿಪ್ಲೊಮಾ:
ಕಾಕಾರ ಮಾತಿಗೆ ಒಂದೆರಡು ಸೇರಿಸುತ್ತೇನೆ. ಏರ್ ಬ್ಲಾಸ್ಟ್ ಬಗ್ಗೆ ಅಕ್ಕ ಕೇಳಿದರಲ್ಲ. ನೆಲದಾಳದ ಬಂಡೆಯ ಮೇಲೆ ಸದಾ ಭಾರ ಇದ್ದೇ ಇರುತ್ತದೆ. ನಾವು ಅದಿರು ತೆಗೆದು ಟೊಳ್ಳು ಮಾಡಿದಾಗ ಆ ಭಾರವೆಲ್ಲ ಪಕ್ಕದಲ್ಲಿ ಆಧಾರಕ್ಕೆ ಬಿಟ್ಟ ಕಲ್ಲಿನ ಕಂಬಗಳ ಮೇಲೆ, ಉಳಿದ ಬಂಡೆಯ ಮೇಲೆ ಬೀಳುತ್ತದೆ. ತಡೆಯುವಷ್ಟು ತಡೆದು, ಒಂದು ಕ್ಷಣದಲ್ಲಿ ಬಂಡೆ ಒಡೆದು ಸಿಡಿಯುತ್ತದೆ. ಆಳ ಹೆಚ್ಚಿದಷ್ಟೂ ಇದರ ಕಾಟ ಹೆಚ್ಚು. ಕೋಲಾರದ ಗಣಿಗಳು 3 ಕಿಲೋಮೀಟರಿಗೂ ಆಳ ಹೋಗಿದ್ದವು, ಅಲ್ಲಿ ಇದೇ ದೊಡ್ಡ ಶತ್ರು. ಹಟ್ಟಿ ಅದಕ್ಕಿಂತ ಎಷ್ಟೋ ಕಡಿಮೆ ಆಳ. ಹಾಗಂತ ಅಪಾಯವೇ ಇಲ್ಲ ಅಂತಲ್ಲ. ತೆಗೆದ ಟೊಳ್ಳನ್ನು ಹೊತ್ತಿಗೆ ಸರಿಯಾಗಿ ತುಂಬುತ್ತಾ ಬರಬೇಕು, ಕಂಬಗಳನ್ನು ಆಸೆಗೆ ಬಿದ್ದು ಕೆರೆಯಬಾರದು. ಅದನ್ನು ಹೆಲ್ಪರ್ ತೀರ್ಮಾನಿಸುವುದಿಲ್ಲ, ಮ್ಯಾನೇಜರ್ ತೀರ್ಮಾನಿಸುತ್ತಾರೆ. ಹೊಣೆಯೂ ಅವರದೇ.

ಹೆಲ್ಪರ್ ಕೈಯಲ್ಲಿರುವ ವಿಷಯ ಮದ್ದಿನದು. ಬ್ಲಾಸ್ಟಿಂಗ್ ಆದಮೇಲೆ ತೂತಿನ ಬುಡದಲ್ಲಿ ಸಿಡಿಯದ ಮದ್ದು ಉಳಿದಿರಬಹುದು. ಹೊಸ ತೂತು ಕೊರೆಯುವಾಗ ಹಳೆಯ ತೂತಿನ ಬಾಯಿಗೇ ಡ್ರಿಲ್ ಇಟ್ಟರೆ ಸುಲಭ, ರಾಡ್ ಜಾರುವುದಿಲ್ಲ. ಆ ಸುಲಭಕ್ಕೆ ಮರುಳಾಗಿ ಪ್ರಾಣ ಕಳೆದುಕೊಂಡವರು ಜಗತ್ತಿನ ಎಲ್ಲ ಗಣಿಗಳಲ್ಲೂ ಇದ್ದಾರೆ. ಹಳೆಯ ತೂತಿಗೆ ಕೊರೆಯಬಾರದು ಎಂಬುದು ಕಾನೂನೇ. ಯಾರು ಹೇಳಿದರೂ ಕೊರೆಯಕೂಡದು.

ಹೊಗೆಯೂ ಹಾಗೆಯೇ. ಮದ್ದಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಕಂದುಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ ಇನ್ನೂ ಮೋಸದ್ದು. ಉಸಿರಾಡಿದಾಗ ಸ್ವಲ್ಪ ಕೆಮ್ಮು ಬರುತ್ತದೆ, ಮನೆಗೆ ಹೋಗಿ ಮಲಗಿದ ಮೇಲೆ ಎಷ್ಟೋ ತಾಸಿಗೆ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಬ್ಲಾಸ್ಟಿಂಗ್ ಜಾಗಕ್ಕೆ ಮೊದಲು ಹೋಗುವುದು ಶೂರತನವಲ್ಲ.

ಕೆಜಿಎಫ್ ಮೊಮ್ಮಗ:
ನಾನು ಕೋಲಾರದ ಕಡೆಯವನು, ಈಗ ರಾಯಚೂರಿನಲ್ಲಿ ನೌಕರಿ. ತಾತ ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ನಮ್ಮ ಲೈನ್ ಮನೆಗಳಲ್ಲಿ ಏರ್ ಬ್ಲಾಸ್ಟ್ ಆದರೆ ಗೂಡಿನ ಪಾತ್ರೆಗಳು ಅಲುಗಾಡುತ್ತಿದ್ದವು, ಹೆಂಗಸರೆಲ್ಲ ಬೀದಿಗೆ ಬಂದು ಶಾಫ್ಟಿನ ಕಡೆ ನೋಡುತ್ತಾ ನಿಲ್ಲುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದರು. ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಸಿಡಿತ ತಡೆಯಲು ಒಳಗೇ ಗ್ರಾನೈಟ್ ಗೋಡೆ ಕಟ್ಟುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಎಲ್ಲ ನಿಂತಿತು.

ಆದರೆ ಅಕ್ಕ, ನಾನು ಹೇಳಬೇಕೆಂದದ್ದು ಅದಲ್ಲ. ನಮ್ಮೂರಿನ ಸ್ಮಾರಕದ ಮಾತೆಲ್ಲ ಏರ್ ಬ್ಲಾಸ್ಟಿನದೇ. ನೆಲದ ಕೆಳಗೆ ಸತ್ತವರನ್ನು ಎಣಿಸುತ್ತಾರೆ, ಮನೆಯ ಮಂಚದ ಮೇಲೆ ಉಸಿರು ಸಿಗದೆ ಸತ್ತವರನ್ನು ಯಾರೂ ಎಣಿಸುವುದಿಲ್ಲ. 1940ರಿಂದ 46ರ ನಡುವೆ ಕೋಲಾರದ ಗಣಿಯ 7,653 ಕಾರ್ಮಿಕರ ಎದೆ ಪರೀಕ್ಷೆ ಮಾಡಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಪುಪ್ಪುಸ ಕೆಡುವ ರೋಗ ಇತ್ತು. ಹೆಚ್ಚುಕಡಿಮೆ ಅರ್ಧದಷ್ಟು ಜನ. ನೀವು ಹಗ್ಗದ ಬಗ್ಗೆ ಕೇಳಿದ್ದೀರಿ, ಧೂಳಿನ ಬಗ್ಗೆ ಕೇಳೇ ಇಲ್ಲ.

ಎದೆ ವಾರ್ಡಿನ ದಾದಿ:
ಈ ಮಾತು ಬರಲಿ ಅಂತಲೇ ಕಾಯ್ತಿದ್ದೆ. ಚಿನ್ನ ಇರೋದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗೋ ಚಿನ್ನ ಕೆಲವೇ ಗ್ರಾಂ, ಉಳಿದದ್ದೆಲ್ಲ ಪುಡಿ. ಅಪಾಯ ಮಾಡೋ ಧೂಳು ಕಣ್ಣಿಗೆ ಕಾಣೋದಿಲ್ಲ. ಮುಖದ ಮೇಲೆ ಕೂತ ಬಿಳಿ ಧೂಳು ದಪ್ಪ, ಅದನ್ನ ಮೂಗು ತಡೀತದೆ. ಅದಕ್ಕಿಂತ ಸಣ್ಣದು ಪುಪ್ಪುಸದ ತಳಕ್ಕೇ ಹೋಗಿ ಕೂಡ್ತದೆ. ಸುತ್ತ ಗಂಟು ಕಟ್ಟುತ್ತದೆ, ಪುಪ್ಪುಸ ಗಟ್ಟಿಯಾಗ್ತಾ ಬರ್ತದೆ. ಹೆಚ್ಚಿನವರಿಗೆ ಹತ್ತು ವರ್ಷ, ಹದಿನೈದು ವರ್ಷ ಏನೂ ಗೊತ್ತಾಗೋದಿಲ್ಲ. ಆಮೇಲೆ ಏಣಿ ಹತ್ತಿದರೆ ಏದುಸಿರು, ಒಣ ಕೆಮ್ಮು. ಆ ಹೊತ್ತಿಗೆ ಕೆಲಸ ಬಿಟ್ಟರೂ ಅದು ನಿಲ್ಲಲಿಕ್ಕಿಲ್ಲ. ಗುಣ ಮಾಡೋ ಔಷಧಿ ಇವತ್ತಿಗೂ ಇಲ್ಲ.

ಇನ್ನೊಂದು. ಸಿಲಿಕಾ ಕೂತ ಎದೆಗೆ ಟಿಬಿ ಬೇಗ ಹತ್ತುತ್ತದೆ. ಎರಡೂ ಎಕ್ಸ್‌ರೇನಲ್ಲಿ ಒಂದರ ಹಾಗೆ ಇನ್ನೊಂದು ಕಾಣಬಹುದು. ಕಲ್ಲಿನ ಕೆಲಸ ಮಾಡ್ತಾನೆ ಅಂತ ಹೇಳದಿದ್ದರೆ ಬರೀ ಟಿಬಿ ಅಂತ ಬರೆದು ಮಾತ್ರೆ ಕೊಟ್ಟು ಕಳಿಸ್ತಾರೆ. ಡಾಕ್ಟರ್ ಕೇಳಲಿ ಬಿಡಲಿ, ಕೆಲಸ ಯಾವುದು ಅಂತ ನೀವೇ ಹೇಳಿ, ಚೀಟಿಯಲ್ಲಿ ಬರೆಸಿ. ಮುಖಕ್ಕೆ ಟವೆಲ್ ಸುತ್ತಿಕೊಳ್ಳೋದರಿಂದ ಈ ಧೂಳು ತಡೆಯೋದಿಲ್ಲ, ಎನ್-95 ಆದರೂ ಬೇಕು, ಮುಖಕ್ಕೆ ಬಿಗಿಯಾಗಿ ಕೂಡಬೇಕು. ಬೀಡಿ ಸೇದುವವನಿದ್ದರೆ ಇವತ್ತೇ ಬಿಡಿಸಿ.

ಕುಷ್ಟಗಿ ತಾಯಿ:
ನಾನು ಗಣಿ ಪೈಕಿ ಅಲ್ರಿ. ನಮ್ಮ ಯಜಮಾನ್ರು ಕಲ್ಲು ಕ್ರಷರ್‌ನಾಗ ದುಡಿತಿದ್ರು. ದಾದಿಯಮ್ಮಾರು ಹೇಳಿದ್ದೆಲ್ಲಾ ನನ್ನ ಮನ್ಯಾಗ ನಡದೈತಿ. ಮೊದಲ ಕೆಮ್ಮು, ಆಮ್ಯಾಲ ಟಿಬಿ ಅಂದ್ರು, ಆರು ತಿಂಗಳ ಗುಳಿಗಿ ನುಂಗಿದ್ರು, ಮತ್ತ ಟಿಬಿ ಅಂದ್ರು, ಮತ್ತ ಗುಳಿಗಿ. ಕಡೀಗೆ ದೊಡ್ಡ ದವಾಖಾನ್ಯಾಗ ಒಬ್ರು ಡಾಕ್ಟರು "ಏನ ಕೆಲಸ ಮಾಡ್ತಿದ್ದಿ" ಅಂತ ಕೇಳಿದ್ರು. ಆವಾಗ ಗೊತ್ತಾತು. ಮಲಗಿದ್ರ ಉಸರು ಸಿಗೂದಿಲ್ಲಂತ ರಾತ್ರೆಲ್ಲಾ ಗ್ವಾಡಿಗೆ ದಿಂಬಿಟ್ಟು ಕುಂತಿರತಿದ್ರು. ನಾನು ಬೆನ್ನು ತಿಕ್ಕೋತ ಕುಂದ್ರತಿದ್ದೆ.

ಪರಿಹಾರ ಕೇಳಾಕ ಹೋದ್ರ ಅವರ ಕೆಲಸದ ಕಾಗದ ಎಲ್ಲೂ ಇಲ್ಲ. ಹಾಜರಿ ಪುಸ್ತಕದಾಗ ಹೆಸರಿಲ್ಲ, ಕೂಲಿ ಕೈಯಾಗ ಕೊಟ್ಟದ್ದು. ಅಲ್ಲಿ ಯಾವತ್ತೂ ಎಕ್ಸ್‌ರೇ ತಗಸಿಲ್ಲ. ಇದು ಇಲ್ಲೇ ದುಡದು ಬಂದ ರೋಗ ಅನ್ನಾಕ ನನ್ನ ಹತ್ರ ಏನಿತ್ತು? ಅಕ್ಕಾ, ನಿನ್ನ ತಮ್ಮ ಹೋಗಲಿ ಬಿಡಲಿ, ಕಾಗದ ಮಾತ್ರ ಒಂದೂ ಬಿಡಬ್ಯಾಡ್ರಿ. ಗಂಡ ಹೋದ ಮ್ಯಾಲ ಕಾಗದಕ್ಕ ಅಲಿಯೂ ಹೆಂಗಸಿನ ಪಾಡು ಯಾರಿಗೂ ಬರಬಾರದು.

ಮುದಗಲ್ ಅಕ್ಕ:
ಅವ್ವಾರ, ನಿಮ್ಮ ಮಾತು ಓದಿ ಕೈಕಾಲು ತಣ್ಣಗಾದವ್ರಿ. ನನಗ ಈ ಧೂಳಿನ ಸುದ್ದಿ ಗೊತ್ತೇ ಇದ್ದಿಲ್ಲ. ಹಂಗಾದ್ರ ಏನು ಕೇಳಬೇಕು, ಯಾರಿಗೆ ಕೇಳಬೇಕು? ಹೊಸದಾಗಿ ಸೇರೂ ಹುಡುಗ ಇಷ್ಟೆಲ್ಲಾ ಕೇಳಿದ್ರ ಕೆಲಸಾನೇ ಕೊಡಂಗಿಲ್ಲ ಅಂತ ಅಪ್ಪ ಅಂತಾನ.

ಹಳೇ ಡ್ರಿಲ್ಲರ್:
ತಂಗಿ, ಮೆಡಿಕಲ್ಲಿಗೆ ಹೋದಾಗ ಭಾಷಣ ಮಾಡಬೇಕಂತೇನಿಲ್ಲ. ಕೆಳಗ ಇಳದ ಮ್ಯಾಲ ನೋಡೂದು ಒಂದೇ: ಡ್ರಿಲ್ಲಿಗೆ ನೀರು ಹತ್ತೈತೋ ಇಲ್ಲೋ. ಈಗಿನ ಡ್ರಿಲ್ಲಿನೊಳಗ ರಾಡಿನ ನಡುವ ತೂತು ಇರತೈತಿ, ಗಾಳಿ ಜೋಡಿ ನೀರೂ ಹೋಗತೈತಿ. ಕೊರದದ್ದು ರಾಡಿಯಾಗಿ ಹರದು ಬರತೈತಿ, ಧೂಳು ಏಳೂದಿಲ್ಲ. ಅರಿವಿ ತೊಯ್ಯತಾವ, ಬೂಟಿನಾಗ ನೀರು ನಿಂದರತೈತಿ, ಪಾಳಿ ಪೂರಾ ಒದ್ದಿ ಮೈ. ಅದಕ್ಕ ಕೆಲವರು ನೀರಿನ ವಾಲ್ವು ಬಂದ್ ಮಾಡಿ ಒಣಾ ಹೊಡೀತಾರ. ಬ್ಯಾಗ ಮುಗೀತೈತಿ ಅಂತ ಒಂದು, ಮೈ ಒಣಗಿರತೈತಿ ಅಂತ ಒಂದು. ನನ್ನ ಜೋಡಿ ಇದ್ದ ಹುಡುಗರಿಗೆ ನಾ ಹೇಳೂದು ಇಷ್ಟೇ ಇತ್ತು: ನೀರು ಇಲ್ಲಂದ್ರ ಮಶೀನ್ ಚಾಲು ಮಾಡಬ್ಯಾಡ, ಪೈಪು ಒಡದಿದ್ರ ಪೈಪು ಬರೂತನ ಕುಂದರು. ಕುಂತದ್ದಕ್ಕ ಬೈದ್ರ ಬೈಸಿಕೋ.

ನಿನ್ನ ತಮ್ಮ ಹೆಲ್ಪರ್ ಇದ್ದಾಗ ರಾಡ್ ಹಿಡಿಯಾಂವ ಅಂವನೇ. ಡ್ರಿಲ್ಲರ್‌ಗಿಂತ ಹೆಲ್ಪರ್ ಮುಖಕ್ಕೇ ಧೂಳು ಹತ್ತರ. ಇದು ತಲ್ಯಾಗ ಇರಲಿ.

ಗಣಿ ಡಿಪ್ಲೊಮಾ:
ಅಕ್ಕ, ಕೇಳಿದರೆ ಕೆಲಸ ಕೊಡುವುದಿಲ್ಲ ಎಂಬ ಭಯ ಬೇಡ. ಇವು ಯಾರ ಉಪಕಾರವೂ ಅಲ್ಲ. 1952ರ ಗಣಿ ಕಾಯ್ದೆ, 1955ರ ಗಣಿ ನಿಯಮಗಳು, 1961ರ ಲೋಹ ಗಣಿ ನಿಬಂಧನೆಗಳ ಕಾಲದಿಂದ ಬರೆದಿಟ್ಟ ಮಾತು. ಸೇರುವಾಗ ವೈದ್ಯಕೀಯ ಪರೀಕ್ಷೆ ಆಗಲೇಬೇಕು, ಆಮೇಲೆ ಐದು ವರ್ಷ ಮೀರದಂತೆ ಮತ್ತೆ ಮತ್ತೆ ಆಗಬೇಕು. ಕೆಳಗಿನ ಕೆಲಸ ದಿನಕ್ಕೆ 8 ತಾಸು, ಅದಕ್ಕಿಂತ ಎಳೆಯುವಂತಿಲ್ಲ. ಕೆಳಗಿನ ಗಾಳಿಯ ಒದ್ದೆ ಬಲ್ಬಿನ ಉಷ್ಣತೆ (ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದು ಅಳೆಯುವ ಬಿಸಿ) 33.5 ಡಿಗ್ರಿ ಮೀರಬಾರದು. ಹೊಸಬನಿಗೆ ತರಬೇತಿ ಕೊಡದೆ ಕೆಳಗೆ ಕೆಲಸಕ್ಕೆ ಹಚ್ಚಬಾರದು, ಅದಕ್ಕೆ 1966ರ ತರಬೇತಿ ನಿಯಮಗಳೇ ಬೇರೆ ಇವೆ. ತರಬೇತಿ ಕೊಡದೆಯೇ ಆಯಿತು ಅಂತ ಸಹಿ ಕೇಳಿ ನೇರ ಕೆಲಸಕ್ಕೆ ಕಳಿಸಲು ನೋಡಿದರೆ ಸಹಿ ಹಾಕಬೇಡ ಅಂತ ತಮ್ಮನಿಗೆ ಹೇಳಿ.

ಯಾರಿಗೆ ಕೇಳಬೇಕು ಅಂದಿರಿ. 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಗಣಿಯಲ್ಲಿ ಕಾರ್ಮಿಕರ ಪರವಾಗಿ ತಪಾಸಣೆ ಮಾಡುವ ವರ್ಕ್‌ಮನ್ ಇನ್‌ಸ್ಪೆಕ್ಟರ್ ಇರಬೇಕು ಅಂತ ನಿಯಮ. ಅಪಾಯ ಕಂಡರೆ ಬರೆದು ತಿಳಿಸುವ ಅಧಿಕಾರ ಅವರಿಗಿದೆ. ಸುರಕ್ಷತಾ ಸಮಿತಿಯೂ ಇರುತ್ತದೆ. ಇವರು ಯಾರು ಅಂತ ಮೊದಲ ವಾರದಲ್ಲೇ ತಿಳಿದುಕೊಳ್ಳಲಿ. ಇವರೆಲ್ಲರ ಮೇಲೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಡಿಜಿಎಂಎಸ್. ಅದರ ಮುಖ್ಯ ಕಚೇರಿ ಧನಬಾದ್‌ನಲ್ಲಿದೆ.

ಸಿಂಧನೂರು ರಾಜು:
ಗುತ್ತಿಗಿ ಮ್ಯಾಲ ಹೋಗೋರಿಗೂ ಇದೆಲ್ಲಾ ಅನ್ವಯ ಆಗತದೇನ್ರಿ?

ಗಣಿ ಡಿಪ್ಲೊಮಾ:
ಆಗುತ್ತದೆ. ಗಣಿಯೊಳಗೆ ಕೆಲಸಕ್ಕಿರುವವನು ಯಾರ ಕೈಯಿಂದ ಸಂಬಳ ಪಡೆದರೂ ಗಣಿ ಕಾರ್ಮಿಕನೇ. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಗಣಿಯವರು ಕೈತೊಳೆದುಕೊಳ್ಳಲು ಬರುವುದಿಲ್ಲ. ಆದರೆ ಸಿಲಿಕೋಸಿಸ್ ಸಾಮಾನ್ಯವಾಗಿ ಹತ್ತು ವರ್ಷದ ಮೇಲೆ ಬರುವ ರೋಗ. ಅಷ್ಟರಲ್ಲಿ ಗುತ್ತಿಗೆದಾರ ಬದಲಾಗಿರುತ್ತಾನೆ. ಕುಷ್ಟಗಿಯ ಅಮ್ಮ ಹೇಳಿದ ಕಷ್ಟ ಹೆಚ್ಚಾಗಿ ಬರುವುದು ಇಂಥವರಿಗೇ. ನನ್ನ ಮಟ್ಟಿಗೆ ನಮ್ಮ ಭಾಗದ ದೊಡ್ಡ ಅನ್ಯಾಯ ಇದು. ರಾಜಸ್ಥಾನದಲ್ಲಿ 2019ರಲ್ಲಿ ಸಿಲಿಕೋಸಿಸ್ ರೋಗಿಗಳಿಗಾಗಿಯೇ ನೀತಿ ತಂದರು. ಅಲ್ಲಿ ಕಲ್ಲು ಒಡೆಯುವವರು ವರ್ಷಗಟ್ಟಲೆ ಹೋರಾಡಿದ್ದಕ್ಕೆ ಅದು ಬಂತು. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಕಲ್ಲಿನ ಧೂಳು ಕುಡಿಯುವ ಜನ ಕಡಿಮೆ ಇಲ್ಲ, ಅವರಿಗಾಗಿ ನಾವೂ ಕೂಗಬೇಕು.

ಮಸ್ಕಿ ಮೇಷ್ಟ್ರು:
ಚರ್ಚೆ ಬಹಳ ಉಪಯುಕ್ತವಾಗಿದೆ. ಒಂದು ವಿಷಯ ಯಾರೂ ಎತ್ತಿಲ್ಲ, ಅದು ನೀರು. ಹಟ್ಟಿಯಲ್ಲಿ ಚಿನ್ನ ತೆಗೆಯುವುದು ನಿನ್ನೆ ಮೊನ್ನೆಯದಲ್ಲ. ಈಗಿನ ಕಂಪನಿ 1947ರದು, ಅದಕ್ಕೂ ಮೊದಲು ನಿಜಾಮರ ಕಾಲದಲ್ಲಿ ಒಂದು ಸುತ್ತು ನಡೆದಿತ್ತು, ಅದಕ್ಕೂ ಸಾವಿರಾರು ವರ್ಷ ಮೊದಲೇ ನಮ್ಮ ಪೂರ್ವಿಕರು ಇಲ್ಲಿ 600 ಅಡಿಗೂ ಆಳ ಇಳಿದಿದ್ದರು. ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳಿಸುತ್ತಿದ್ದರು. ಡೈನಮೈಟ್ ಇಲ್ಲ, ಫ್ಯಾನ್ ಇಲ್ಲ, ಆ ಹೊಗೆಯಲ್ಲಿ ಎಷ್ಟು ಜೀವ ಹೋಗಿದ್ದವೋ. ನಮ್ಮ ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದದ್ದೂ ಚಿನ್ನದ ಗಣಿಯ ಎಂಜಿನಿಯರ್, ಬೀಡನ್ ಎಂಬುವರು. ಶಾಸನದ ಮಾತು ಇಲ್ಲಿಗೆ ಸಾಕು, ಅದು ನನ್ನ ಪ್ರೀತಿಯ ವಿಷಯವಾದ್ದರಿಂದ ಬಂದುಬಿಟ್ಟಿತು.

ಹೇಳಬೇಕಾದ್ದು: ಆ ಹಳೆಯ ಗುಂಡಿಗಳೆಲ್ಲ ನಕ್ಷೆಯಲ್ಲಿ ಇರುವುದಿಲ್ಲ. ಶತಮಾನಗಳ ಮಳೆ ನೀರು ಅವುಗಳಲ್ಲಿ ನಿಂತಿರಬಹುದು. ಹೊಸ ಸುರಂಗ ಅಂಥ ಗುಂಡಿಗೆ ತಗುಲಿದರೆ ನೀರು ಒಮ್ಮೆಲೇ ನುಗ್ಗುತ್ತದೆ. ಅದಕ್ಕೇ ಹಳೆಯ ಗುಂಡಿಗಳ ಹತ್ತಿರ ಹೋಗುವಾಗ ಮುಂದೆ ಉದ್ದನೆಯ ತೂತು ಕೊರೆದು ನೋಡಿಯೇ ಹೆಜ್ಜೆ ಇಡಬೇಕೆಂಬ ನಿಯಮವಿದೆ. ಕಲ್ಲಿನ ಗೋಡೆ ಇದ್ದಕ್ಕಿದ್ದಂತೆ ಬೆವರತೊಡಗಿದರೆ, ಕೊರೆದ ತೂತಿನಿಂದ ನೀರು ನಿಲ್ಲದೆ ಬಂದರೆ, ನಿಂತು ನೋಡದೆ ಮೇಲಿನವರಿಗೆ ತಿಳಿಸಬೇಕು.

ಹಳೇ ಡ್ರಿಲ್ಲರ್:
ಮೇಷ್ಟ್ರು ಹೇಳಿದ್ದು ಖರೇ. ಹಳಬರು ಕೆಲಸ ಮಾಡಿದ ಜಾಗಾದ ಹತ್ರ ಹೋದಾಗ ನಾವು ಸುಮ್ಮ ಆಗತಿದ್ವಿ, ಮಾತು ಕಡಿಮಿ, ಕಿವಿ ಹೆಚ್ಚು.

ಓದುವ ಹುಡುಗಿ:
ನಾನು ಗಣಿ ಎಂಜಿನಿಯರಿಂಗ್ ಓದಬೇಕು ಅಂತಿದ್ದೀನಿ. ಹೆಣ್ಣುಮಕ್ಕಳಿಗೆ ಕೆಳಗೆ ಇಳಿಯೋಕೆ ಬಿಡ್ತಾರಾ?

ಗಣಿ ಡಿಪ್ಲೊಮಾ:
2019ರಿಂದ ಬಿಡುತ್ತಾರೆ, ತಂಗಿ. ಆಗ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಹುದ್ದೆಗಳಿಗೆ, ಹಗಲು ಹೊತ್ತಿನಲ್ಲಿ, ಅವರ ಒಪ್ಪಿಗೆ ಬರೆದು ಪಡೆದು ಅಂತಿತ್ತು. ಓದು, ಧೈರ್ಯವಾಗಿ ಓದು.

ಮುದಗಲ್ ಅಕ್ಕ:
ಎಲ್ಲಾರಿಗೂ ಶರಣ್ರಿ. ರಾತ್ರಿ ತಮ್ಮನ್ನ ಕುಂದರಿಸಿಕೊಂಡು ಎಲ್ಲಾ ಓದಿ ಹೇಳಿದೆ. ಅವ್ವನೂ ಒಳಗಿಂದ ಕೇಳತಿದ್ಲು. ಇನ್ನೂ ಒಪ್ಪಿಲ್ಲ, ಆದ್ರ "ಆ ಡ್ರಿಲ್ಲಿನ ನೀರಿನ ಮಾತು ಅವಂಗ ಇನ್ನೊಮ್ಮೆ ಹೇಳು" ಅಂದ್ಲು. ತಮ್ಮ ಸೋಮವಾರ ಮೆಡಿಕಲ್ಲಿಗೆ ಹೊಂಟಾನ. ಎಕ್ಸ್‌ರೇ ಅವರೇ ಇಟಗೊಂತಾರಂತ. ನಾವು ಕೇಳಿದ್ರ ಕೊಡ್ತಾರೇನು? ಮತ್ತ ಒಣ ಡ್ರಿಲ್ ಹೊಡಿ ಅಂತ ಮೇಟೇ ಹೇಳಿದ್ರ ಏನ ಮಾಡಬೇಕು ಅಂತ ಕೇಳಾಕತ್ಯಾನ.

ಎದೆ ವಾರ್ಡಿನ ದಾದಿ:
ಅಲ್ಲಿ ಕೊಡಲಿಲ್ಲ ಅಂದ್ರೂ ಚಿಂತೆ ಬೇಡಮ್ಮ. ಸೇರೋ ಮುಂಚೆ ಸರ್ಕಾರಿ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ಒಂದು ತೆಗೆಸಿ ನಿಮ್ಮ ಮನೆಯಲ್ಲೇ ಇಟ್ಕೊಳ್ಳಿ. ಕೆಲಸಕ್ಕೆ ಹೋಗುವಾಗ ಎದೆ ಸ್ವಚ್ಛ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಫಿಲ್ಮಿನ ಮೇಲೆ ಹೆಸರು, ವಯಸ್ಸು, ದಿನಾಂಕ ಸರಿ ಇದೆಯಾ ನೋಡಿ. ಬಿಸಿಲಿಗೆ ಬೀಳದ ಹಾಗೆ ಇಡಿ, ಫೋನಿನಲ್ಲೂ ಫೋಟೋ ತೆಗೆದಿಡಿ. ಉಸಿರಿನ ಬಲ ಅಳೆಯೋ ಪರೀಕ್ಷೆ ಇದ್ದರೆ ಅದನ್ನೂ ಮಾಡಿಸಿ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ನೀವಾಗೇ ಮಾಡಿಸ್ತಾ ಇರಿ. ನೇಮಕದ ಆದೇಶ, ಪಗಾರ ಚೀಟಿ, ಪಿಎಫ್ ನಂಬರು ಎಲ್ಲ ಅದೇ ಚೀಲದಲ್ಲಿರಲಿ, ಅದು ಎಲ್ಲಿದೆ ಅಂತ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿರಲಿ.

ಹಳೇ ಡ್ರಿಲ್ಲರ್:
ಮೇಟ್ ಒಣಾ ಹೊಡಿ ಅಂದ್ರ ಜಗಳಾ ತಗಿಯೂದು ಬ್ಯಾಡ. "ಅಣ್ಣಾ, ನೀರಿನ ಪೈಪು ನಾನೇ ಜಗ್ಗಿ ತರತೀನಿ" ಅನ್ನಲಿ. ನೂರಕ್ಕ ತೊಂಬತ್ತು ಸಲ ಒಣಾ ಹೊಡಿಯೂದು ಪೈಪು ದೂರ ಇರತೈತಿ ಅಂತ, ಬ್ಯಾರೇ ಕಾರಣ ಇಲ್ಲ. ಅದಕ್ಕೂ ಕೇಳಲಿಲ್ಲ ಅಂದ್ರ ಫೋರ್‌ಮನ್‌ಗೆ ಹೇಳಲಿ, ಅಲ್ಲೂ ಆಗಲಿಲ್ಲ ಅಂದ್ರ ಯೂನಿಯನ್‌ನವರಿಗೆ. ಮತ್ತ ಸೋಮವಾರ ಹಟ್ಟಿಗೆ ಬಂದಾಗ ಇಲ್ಲೇ ಒಂದು ಮೆಸೇಜ್ ಹಾಕು ತಂಗಿ, ನಾನು ಬಸ್‌ಸ್ಟ್ಯಾಂಡಿಗೆ ಬರತೀನಿ. ಹುಡುಗನ್ನ ಕರಕೊಂಡು ಹೋಗಿ ನನ್ನ ಹಳೇ ಜೋಡೀದಾರ ಒಬ್ಬ ಇನ್ನೂ ನೌಕರ್ಯಾಗ ಅದಾನ, ಅವನ ಪರಿಚಯ ಮಾಡಿಸಿ ಕಳಸತೀನಿ. ಹಾರಿ ಬಡಿಯೂದು ಅವನ ಹತ್ರ ಕಲೀಲಿ.